ಹೆಸರಿಲ್ಲದ ಚಿತ್ರ, ಕನ್ನಡವಿಲ್ಲದ ಅಡಿಬರಹ

ಹೊರನಾಡ ಕನ್ನಡಿಗರಾದ ನಮಗೆ ಭಾಷಾಭಿಮಾನದ ಕೊರತೆಯೇನೂ ಇಲ್ಲ. ನವೆಂಬರ್ ಬಂದರೆ ಬಾವುಟ ಹಾರಿಸುತ್ತೇವೆ, ಭಾಷಣ ಕೇಳುತ್ತೇವೆ, ಬಿಸಿಬೇಳೆ ಭಾತು ಉಂಡು ಮನೆಗೆ ಮರಳುತ್ತೇವೆ. ಮರಳಿದ ಮೇಲೆ ಆ ಅಭಿಮಾನ ಎಲ್ಲಿ ಹೋಗುತ್ತದೆಂದು ತಿಳಿಯಬೇಕಾದರೆ ನಮ್ಮ ಕಂಪ್ಯೂಟರಿನಲ್ಲಿರುವ ಕನ್ನಡ ಚಿತ್ರಗಳ ಪಟ್ಟಿಯನ್ನೊಮ್ಮೆ ತೆರೆದು ನೋಡಿದರೆ ಸಾಕು. 'ಫಿಲ್ಮ್ ಒಂದು', 'ರಾಜ್ ಹಳೇದು', 'ನ್ಯೂ ಫೋಲ್ಡರ್ ಎರಡು'! ಮಗುವಿನ ನಾಮಕರಣಕ್ಕೆ ಪಂಚಾಂಗ ತೆಗೆಯುವ ಜನ ನಾವು. ನಮ್ಮ ಚಿತ್ರಗಳಿಗೆ ಮಾತ್ರ ಹೆಸರಿಲ್ಲ.

ಈಗ ಇದಕ್ಕೆಲ್ಲ ಸಲಕರಣೆಗಳು ಬಂದಿವೆ. 'ಫೈಲ್‌ಬಾಟ್', 'ಸಬ್‌ಲಿಮಿನಲ್' ಎಂಬವುಗಳಿಗೆ ಕರಿಯ ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಟೈಪು ಮಾಡಿದರೆ, ಮೊದಲನೆಯದು ನೂರು ಫೈಲುಗಳಿಗೆ ಒಂದೇ ಕ್ರಮದಲ್ಲಿ ಹೆಸರಿಡುತ್ತದೆ. ಎರಡನೆಯದು ಆ ಚಿತ್ರಕ್ಕೆ ಹೊಂದುವ ಅಡಿಬರಹವನ್ನು, ಅಂದರೆ ಸಬ್‌ಟೈಟಲನ್ನು, ಹುಡುಕಿ ತಂದು ಪಕ್ಕದಲ್ಲಿ ಇಡುತ್ತದೆ. ನಮ್ಮ ಯುವಕರು ಇದನ್ನು ಬಲ್ಲರು. ಆದರೆ ಆಜ್ಞೆಯಲ್ಲಿ ಭಾಷೆಯ ಸಂಕೇತ ಬರೆಯುವ ಜಾಗದಲ್ಲಿ ಅವರು ಇಂಗ್ಲಿಷಿನ 'ಇ-ಎನ್' ಒತ್ತುತ್ತಾರೆ. ಕನ್ನಡದ 'ಕೆ-ಎನ್' ಇದೆಯೆಂಬುದು ಎಷ್ಟು ಜನಕ್ಕೆ ನೆನಪಿದೆ? ಮಕ್ಕಳಿಗೆ ಕನ್ನಡ ಚಿತ್ರ ತೋರಿಸುವ ನೆಪದಲ್ಲಿ ಎರಡೂವರೆ ಗಂಟೆ ಇಂಗ್ಲಿಷ್ ಓದಿಸುತ್ತಿದ್ದೇವೆ. ಇದನ್ನೇ ನಾವು ಮಾತೃಭಾಷಾ ಪ್ರೇಮವೆಂದು ಕರೆಯುವುದು!

"ಕನ್ನಡಿಗರಿಗೆ ಕನ್ನಡದ ಅಡಿಬರಹ ಯಾಕೆ?" ಎಂದು ಕೇಳುವವರು ಭೋರಿಗೆ ಬಂದು ನೋಡಲಿ. ನಮ್ಮ ಊರು ಸಿನಿಮಾಕ್ಕೆ ಅಪರಿಚಿತವಲ್ಲ. ಇಲ್ಲಿಯ ರಾಜವಾಡೆಯಲ್ಲಿ ಎಷ್ಟೋ ಚಿತ್ರಗಳ ಶೂಟಿಂಗ್ ನಡೆದಿದೆ. ಆದರೆ ಮಕ್ಕಳ ಶಾಲೆ, ಆಟ, ಬಜಾರು ಎಲ್ಲವೂ ಮರಾಠಿಯಲ್ಲಿ. ಅನ್ನ ಕೊಟ್ಟ ನೆಲದ ಭಾಷೆ, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಮನೆಯ ಮಗು ಅಜ್ಜಿಯ ಕನ್ನಡವನ್ನು ಕೇಳಿ ತಿಳಿಯುತ್ತದೆ, ಅಜ್ಜಿಯ ಕಾಗದವನ್ನು ಓದಲಾರದು. ಕಿವಿಗೆ ಬಿದ್ದ ಮಾತೇ ಅದೇ ಕ್ಷಣದಲ್ಲಿ ಕಣ್ಣಿಗೂ ಬಿದ್ದರೆ ಅಕ್ಷರ ತಾನಾಗಿ ಪರಿಚಯವಾಗುತ್ತದೆ. ಅಹಮದಾಬಾದಿನ ಐ.ಐ.ಎಂ.ನಲ್ಲಿದ್ದ ಬ್ರಿಜ್ ಕೊಠಾರಿಯವರು 1996ರಿಂದ ಪ್ರತಿಪಾದಿಸಿದ್ದು ಇದನ್ನೇ. ದೂರದರ್ಶನದ 'ಚಿತ್ರಹಾರ'ದಲ್ಲಿ ಹಿಂದಿ ಹಾಡಿನ ಕೆಳಗೆ ಹಿಂದಿಯದೇ ಸಾಲು ಬಂದದ್ದು ಆ ಪ್ರಯತ್ನದ ಫಲ. ಇನ್ನು ಕಿವಿ ಮಂದವಾದ ಹಿರಿಯರ ಮಾತು ಬೇರೆ ಹೇಳಬೇಕೆ? ಟಿ.ವಿ. ಎದುರು ಸುಮ್ಮನೆ ಕೂತು ಬೊಂಬೆಯಾಟ ನೋಡಿದಂತೆ ನೋಡುತ್ತಾರೆ.

"ಹುಡುಕಿದೆವು, ಕನ್ನಡದ್ದು ಸಿಗುವುದಿಲ್ಲ" ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಏಕೆ ಸಿಗುವುದಿಲ್ಲ? ಯಂತ್ರ ಮೊದಲು ಫೈಲಿನ ಹೆಸರು ಓದುತ್ತದೆ. 'ವಂಶವೃಕ್ಷ'ದ 'ವೃ'ವನ್ನು ಇಂಗ್ಲಿಷಿನಲ್ಲಿ ಒಬ್ಬರು 'ವ್ರಿ' ಎಂದೂ ಒಬ್ಬರು 'ವ್ರು' ಎಂದೂ ಬರೆದರೆ ಅದು ಏನು ಮಾಡೀತು? 'ನಾಗರಹಾವು' 1972ರಲ್ಲೂ ಬಂದಿದೆ, 2016ರಲ್ಲೂ ಬಂದಿದೆ. ಇಸವಿ ಬರೆಯದಿದ್ದರೆ ಒಂದರ ಮಾತು ಇನ್ನೊಂದರ ಬಾಯಿಗೆ ಬರುತ್ತದೆ. ಕನ್ನಡ ಲಿಪಿಯಲ್ಲೇ ಹೆಸರಿಟ್ಟರೆ ಕಂಪ್ಯೂಟರ್ ಕೆಡುತ್ತದೆಂಬುದು ಹಳೆಯ ಭಯ. ಲಿನಕ್ಸ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಅವಕಾಶವಿದೆ. 'ಬಂಗಾರದ ಮನುಷ್ಯ' ಎಂದು ಯೂನಿಕೋಡಿನಲ್ಲಿ ಬರೆದರೆ ಆಗುವುದು 37. ಇಸವಿಗೂ ಸ್ಥಳ ಧಾರಾಳ.

ಹೆಸರು ಸರಿಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಹಂಡೆಯಲ್ಲಿದ್ದರೆ ತಾನೆ ಸೌಟಿನಲ್ಲಿ ಬರುವುದು? ಯಾರೂ ಬರೆಯದ ಅಡಿಬರಹವನ್ನು ಯಾವ ಆಜ್ಞೆಯೂ ತರಲಾರದು. ಬರೆಯಬೇಕಾದವರು ಯಾರು? ಬೆಂಗಳೂರಿನವರಿಗೆ ಅದರ ಅಗತ್ಯ ನಮ್ಮಷ್ಟು ಕಾಣದು. ಹಸಿದವನೇ ಒಲೆ ಹಚ್ಚಬೇಕು.

ಕೆಲಸ ಕಷ್ಟದ್ದೂ ಅಲ್ಲ. ಅಡಿಬರಹದ ಫೈಲೆಂದರೆ ಸಾದಾ ಬರಹ: ಕ್ರಮಸಂಖ್ಯೆ, ಮಾತು ಶುರುವಾಗುವ ಮತ್ತು ಮುಗಿಯುವ ವೇಳೆ, ಆಮೇಲೆ ಮಾತು, ನಂತರ ಒಂದು ಖಾಲಿ ಸಾಲು. ಎರಡು ಎಚ್ಚರಿಕೆ ಸಾಕು. ಹಳೆಯ 'ನುಡಿ', 'ಬರಹ' ಫಾಂಟುಗಳ ಸಂಕೇತದಲ್ಲಿ ಬರೆದರೆ ಬೇರೆ ಯಂತ್ರದಲ್ಲಿ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ, ಯೂನಿಕೋಡಿನಲ್ಲೇ ಬರೆಯಬೇಕು. ಎರಡನೆಯದಾಗಿ, ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಟಿ.ವಿ.ಗಾಗಿ 25ರಲ್ಲಿ ಓಡಿಸಿದ ಪ್ರತಿಗಳಿವೆ. ಆಗ 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ, ಒಂದರ ಅಡಿಬರಹ ಇನ್ನೊಂದಕ್ಕೆ ಕೂಡುವುದಿಲ್ಲ. ಯಾವ ಪ್ರತಿಗೆ ಬರೆದದ್ದೆಂದು ಗುರುತು ಹಾಕಬೇಕು.

ಒಂದು ಮನೆ ಇಪ್ಪತ್ತು ನಿಮಿಷದ ಭಾಗ ಹೊತ್ತರೆ ಎಂಟು ಮನೆಗಳಲ್ಲಿ ಒಂದು ಚಿತ್ರ ಮುಗಿಯುತ್ತದೆ. ಕದ್ದ ಪ್ರತಿ ಬೇಡ. ದುಡ್ಡು ಕೊಟ್ಟು ತಂದ ಡಿ.ವಿ.ಡಿ.ಗಳು ಮನೆಮನೆಯಲ್ಲಿವೆ. ಕಾನೂನಿನಂತೆ ಚಿತ್ರದ ಹಕ್ಕು 60 ವರ್ಷ. 1954ರ 'ಬೇಡರ ಕಣ್ಣಪ್ಪ'ದಂಥವು ಆ ಅವಧಿ ದಾಟಿವೆ. ಸಂಭಾಷಣೆ, ಹಾಡುಗಳ ಹಕ್ಕಿನ ಲೆಕ್ಕ ಬೇರೆ. ಊರಿಗೆಲ್ಲ ಹಂಚುವ ಮೊದಲು ಸಂಬಂಧಪಟ್ಟವರನ್ನು ಕೇಳುವುದು ಮರ್ಯಾದೆ.

"ಎಲ್ಲ ಮೊಬೈಲಿನಲ್ಲಿ ಬರುತ್ತದೆ, ಈ ಉಸಾಬರಿ ಯಾಕೆ?" ಎಂಬವರಿಗೆ ಒಂದೇ ಉತ್ತರ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ' ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಛತ್ರಪತಿ ಸಿನಿಟೋನ್‌ನಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಆಗಲೂ ಎಲ್ಲರೂ ಯಾರೋ ಇಟ್ಟುಕೊಂಡಿರುತ್ತಾರೆಂದೇ ನಂಬಿದ್ದರು. ಚಿತ್ರ ಉಳಿದರೂ ಅದರ ಮಾತು ನಮ್ಮ ಮಕ್ಕಳಿಗೆ ತಿಳಿಯದೆ ಹೋದರೆ, ಕಳೆದುಹೋದದ್ದಕ್ಕೂ ಇದ್ದದ್ದಕ್ಕೂ ಏನು ವ್ಯತ್ಯಾಸ? ಬರುವ ನವೆಂಬರಿನಲ್ಲಿ ಭಾಷಣ ಒಂದು ಕಡಮೆಯಾಗಲಿ. ಕನ್ನಡದ ಅಡಿಬರಹವಿರುವ ಒಂದು ಚಿತ್ರ ಹೆಚ್ಚಾಗಲಿ.