ನೂರಕ್ಕೆ ತೊಂಬತ್ಮೂರು ಜೇಬಿಗೆ ಕತ್ತರಿ!

ಸಂಬಳ ಬಂದ ದಿನವೇ ಮೊಬೈಲಿನಲ್ಲಿ ಆಪ್ಷನ್ ಕೊಳ್ಳುವ ತಮ್ಮನೊಬ್ಬ ನಿಮ್ಮ ಮನೆಯಲ್ಲೂ ಇರಬಹುದು. ಅವನನ್ನು ಕೂರಿಸಿ ಈ ಲೆಕ್ಕ ಓದಿ ಹೇಳಿ.

ಲೆಕ್ಕ ನಮ್ಮದಲ್ಲ, ಷೇರುಪೇಟೆಯ ಕಾವಲು ಸಂಸ್ಥೆ ಸೆಬಿಯದು. 2024ರ ಸೆಪ್ಟೆಂಬರಿನಲ್ಲಿ ಅದು ಹೊರಗಿಟ್ಟ ಅಧ್ಯಯನ ನೋಡಿ. 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಕೈಹಾಕಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರೇ! ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. ಆ ಒಬ್ಬನ ಕಥೆ ಮಾತ್ರ ಊರೆಲ್ಲ ಸುತ್ತುತ್ತದೆ!

ಹಾಗಾದರೆ ದುಡ್ಡು ಯಾರ ಪಾಲಾಯಿತು? 2023-24 ಒಂದೇ ವರ್ಷದಲ್ಲಿ, ಖರ್ಚು ಕಳೆಯುವ ಮುನ್ನ, ಸ್ವಂತ ಹಣ ಹೂಡಿ ಆಡುವ ದಲ್ಲಾಳಿ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಬಾಚಿಕೊಂಡರು. ಬಹುಪಾಲು ಗಳಿಸಿದ್ದು ತಾನಾಗಿ ಕೊಂಡು ಮಾರುವ ಕಂಪ್ಯೂಟರುಗಳು. ಅವುಗಳ ಎದುರು, ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬೆರಳಾಡಿಸುವ ನಮ್ಮ ಹುಡುಗ!

ಸೋತವನು ಸುಮ್ಮನಾಗುತ್ತಾನೆಯೇ? ಇಲ್ಲ. ವರ್ಷ ವರ್ಷವೂ ಸೋತವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಮತ್ತೆ ಆಡಿದ್ದಾರೆ. ಕಳೆದದ್ದನ್ನು ವಾಪಸು ತರುತ್ತೇನೆ ಎಂಬ ಹಟ. ಇಸ್ಪೀಟಿನ ಅಡ್ಡೆಯಲ್ಲೂ ಇದೇ ಮಾತು ಕೇಳಿದ್ದೇವೆ.

ತಮ್ಮನ ಕೈಲಿ ವರ್ಷದ ಲಾಭ-ನಷ್ಟದ ಪಟ್ಟಿ ತೆಗೆಸಿ. ದಲ್ಲಾಳಿ, ತೆರಿಗೆ, ಇತರ ಶುಲ್ಕ ಕಳೆಯಿರಿ. 2023-24ರಲ್ಲಿ ಇವೇ ತಲೆಗೆ ಸರಾಸರಿ 26,000 ರೂಪಾಯಿ ತಿಂದಿವೆ. ಆಮೇಲೂ ಗೆದ್ದೆ ಅಂದರೆ ಮನೆಮಂದಿಗೆಲ್ಲ ಹೋಳಿಗೆ ಊಟ ಹಾಕಿಸಲಿ.