ವಿಷಯವಿದೆ, ಕಲಿಸುವವನಿಗೆ ನೆಲೆಯಿಲ್ಲ

ಮಕ್ಕಳ ಶಿಕ್ಷಣದ ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದು ಹೋಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬಂತು ಎಂಬುದು ಒಂದು. ಮುಂದೆ ವಿಜ್ಞಾನವೋ ವಾಣಿಜ್ಯವೋ ಎಂಬುದು ಇನ್ನೊಂದು. ಇವೆರಡಕ್ಕೂ ಮೊದಲೇ, ಒಂಬತ್ತನೇ ತರಗತಿಯ ಆರಂಭದಲ್ಲಿಯೇ, ಮಗುವಿನ ಮುಂದೆ ಬಂದು ನಿಲ್ಲುವ ಪ್ರಶ್ನೆಯೊಂದಿದೆ. ಅದನ್ನು ನಾವು ಪ್ರಶ್ನೆಯೆಂದೇ ಪರಿಗಣಿಸಿಲ್ಲ. ತೃತೀಯ ಭಾಷೆಯ ಬದಲಿಗೆ ವೃತ್ತಿ ಶಿಕ್ಷಣದ ವಿಷಯವೊಂದನ್ನು ನೀಡುವ ಶಾಲೆಗಳಲ್ಲಿ ಆ ಆಯ್ಕೆಯನ್ನು ಮಾಡುವವರು ಯಾರು? ಆ ವಿಷಯವನ್ನು ಕಲಿಸುವವರು ಯಾರು? ಮುಂದಿನ ವರ್ಷವೂ ಅವರು ಶಾಲೆಯಲ್ಲಿ ಇರುತ್ತಾರೆಯೇ?

ಹುಮನಾಬಾದ್ ತಾಲೂಕಿನ ದುಬಲಗುಂಡಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಈ ಪ್ರಶ್ನೆಗಳು ನಮ್ಮನ್ನು ಕಾಡತೊಡಗಿದವು. ಮನೆಯ ಯಜಮಾನರು ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಹಿರಿಯ ಮಗ ಬೇರೊಂದು ಊರಿನ ಶಾಲೆಯಲ್ಲಿ ಆಟೋಮೊಬೈಲ್ ವಿಷಯ ತೆಗೆದುಕೊಂಡಿದ್ದ. ವರ್ಷದ ನಡುವೆ ಕಲಿಸುತ್ತಿದ್ದವರು ಕೆಲಸ ಬಿಟ್ಟು ಹೋದರು. ಬೇರೆ ವಿಷಯದ ಶಿಕ್ಷಕರೊಬ್ಬರು ಪುಸ್ತಕ ಓದಿಸಿ ಹೇಗೋ ಪರೀಕ್ಷೆಗೆ ಸಿದ್ಧಗೊಳಿಸಿದರು. ಈಗ ಕಿರಿಯವನ ಸರದಿ ಬಂದಿತ್ತು. ಆತನಿಗೆ ಹಿಂದಿಯೇ ಇರಲಿ ಎಂದು ತಂದೆ ತೀರ್ಮಾನಿಸಿದ್ದರು. ಕಾರಣ ಕೇಳಿದಾಗ ಅವರು ಹೇಳಿದ ಮಾತು ಇದು: "ಪಾನಾ ಹಿಡಿಯೋದು ನಾನೇ ಕಲಸ್ತೀನ್ರಿ ಮೌಲಾನಾ ಸಾಬ್. ಆದ್ರ ಈಗಿನ ಗಾಡ್ಯಾಗ ಎಲ್ಲ ಸೆನ್ಸರ್, ಕಂಪ್ಯೂಟರ್. ಅದು ನನಗ ಬರಲ್ಲ. ಸಾಲ್ಯಾಗ ಹೇಳ್ತಾರಂತ ಆಸೆ ಇತ್ತು. ಹೇಳೋ ಸರೇ ಹೋದ ಮ್ಯಾಲ ಏನ್ ಮಾಡಬೇಕ್ರಿ?"

ಈ ತಂದೆಯ ಮಾತಿನಲ್ಲಿ ವೃತ್ತಿ ಶಿಕ್ಷಣದ ಸಾರವೆಲ್ಲ ಅಡಗಿದೆ. 2020ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಾದ ಬಳಿಕ ಹೊಸ ವಾಹನಗಳ ಎಂಜಿನ್ ಬಹುಮಟ್ಟಿಗೆ ವಿದ್ಯುನ್ಮಾನ ನಿಯಂತ್ರಣಕ್ಕೆ ಒಳಪಟ್ಟಿತು. ಕಿವಿಗೊಟ್ಟು ಸದ್ದು ಕೇಳಿ ದೋಷ ಹುಡುಕುತ್ತಿದ್ದ ಉಸ್ತಾದನ ವಿದ್ಯೆ ಈಗ ಸಾಲದು. ತಂದೆ ಕಲಿಸಲಾಗದ್ದನ್ನು ಕಲಿಸುವುದಕ್ಕಾಗಿಯೇ ಶಾಲೆ ಇರುವುದು. ಆ ಕಲಿಕೆಯ ಹಸಿವು ಈ ಮನೆಯಲ್ಲಿತ್ತು. ಪಠ್ಯಪುಸ್ತಕವೂ ಇತ್ತು. ಇಲ್ಲದೆ ಹೋದದ್ದು ಶಿಕ್ಷಕ.

ಯೋಜನೆಯ ಹಿನ್ನೆಲೆಯನ್ನು ತಿಳಿಯುವುದು ಅಗತ್ಯ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಕೇಂದ್ರ ಸರಕಾರ 2013ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎನ್.ಎಸ್.ಕ್ಯೂ.ಎಫ್. ಎಂಬ ಹೆಸರಿನಲ್ಲಿ ನಮ್ಮ ಶಾಲೆಗಳಲ್ಲಿ ಪರಿಚಿತವಾಗಿರುವುದು ಇದೇ. ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೋಮೊಬೈಲ್, ಸೌಂದರ್ಯ ಮತ್ತು ಕ್ಷೇಮ, ಸಿದ್ಧ ಉಡುಪು ಮೊದಲಾದ ವಿಷಯಗಳು ಇದರಡಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಸ್ಥಾನ ಪಡೆದವು. 2018ರಿಂದ ಸಮಗ್ರ ಶಿಕ್ಷಾ ಯೋಜನೆಯಡಿ ಇದಕ್ಕೆ ಹಣ ಬರುತ್ತಿದ್ದು, ನಮ್ಮಂತಹ ರಾಜ್ಯಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಗುರಿ ಇಟ್ಟಿತು. ಗುರಿಯ ವರ್ಷ ದಾಟಿದೆ.

ಆದರೆ ಇಷ್ಟು ದೊಡ್ಡ ಗುರಿಯನ್ನು ಹೊರಬೇಕಾದ ಶಿಕ್ಷಕನ ಸ್ಥಿತಿ ಏನು? ಗಣಿತ, ವಿಜ್ಞಾನ, ಸಮಾಜಗಳಿಗೆ ಮಂಜೂರಾದ ಹುದ್ದೆಗಳಿವೆ. ಅವು ಖಾಲಿ ಇರಬಹುದು, ಆದರೆ ಹುದ್ದೆ ಎಂಬುದೊಂದು ಇದೆ. ವೃತ್ತಿ ವಿಷಯದ ಶಿಕ್ಷಕ ಮಾತ್ರ ಗುತ್ತಿಗೆಯವನು. ದೇಶದ ಅನೇಕ ರಾಜ್ಯಗಳಲ್ಲಿ ಈ ಶಿಕ್ಷಕರನ್ನು ಒದಗಿಸುವ ಹೊಣೆಯನ್ನು ಖಾಸಗಿ ತರಬೇತಿ ಸಂಸ್ಥೆಗಳಿಗೆ ವಹಿಸಲಾಗಿದೆ. ಶಿಕ್ಷಕ ಪಾಠ ಮಾಡುವುದು ಸರಕಾರಿ ಶಾಲೆಯಲ್ಲಿ, ಸಂಬಳಕ್ಕೆ ಕೈಚಾಚುವುದು ಸಂಸ್ಥೆಯ ಮುಂದೆ. ಈ ಮಧ್ಯವರ್ತಿ ಸಂಸ್ಥೆಗಳನ್ನು ತೆಗೆದುಹಾಕಿ ಎಂಬ ಬೇಡಿಕೆಯಿಟ್ಟು ಹಿಮಾಚಲ ಪ್ರದೇಶದ ವೃತ್ತಿ ಶಿಕ್ಷಕರು 2024ರ ನವೆಂಬರ್‌ನ ಚಳಿಯಲ್ಲಿ ಶಿಮ್ಲಾದಲ್ಲಿ ಧರಣಿ ಕುಳಿತರು. ನಮ್ಮ ರಾಜ್ಯದ ಅತಿಥಿ ಶಿಕ್ಷಕರ ಪಾಡೂ ಹೆಚ್ಚು ಭಿನ್ನವಲ್ಲ. 2025ರ ರಾಜ್ಯ ಬಜೆಟ್ಟು ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿತು. ಗೌರವಧನ ಎಂಬ ಪದದಲ್ಲಿ ಗೌರವ ಎಷ್ಟಿದೆ, ಧನ ಎಷ್ಟಿದೆ ಎಂಬುದನ್ನು ಆ ಶಿಕ್ಷಕರ ಮನೆಯವರೇ ಹೇಳಬೇಕು.

ನಮ್ಮ ಭಾಗದ ಮಟ್ಟಿಗೆ ಇದರಲ್ಲಿ ಇನ್ನೊಂದು ಅನ್ಯಾಯವೂ ಸೇರಿಕೊಂಡಿದೆ. ದೀರ್ಘ ಹೋರಾಟದ ಫಲವಾಗಿ ಸಂವಿಧಾನಕ್ಕೆ 371(ಜೆ) ವಿಧಿ ಸೇರ್ಪಡೆಯಾಗಿ, ಬೀದರ್ ಸೇರಿದಂತೆ ಕಲ್ಯಾಣ ಕರ್ನಾಟಕದ ಜನರಿಗೆ ಸ್ಥಳೀಯ ಸರಕಾರಿ ಹುದ್ದೆಗಳಲ್ಲಿ ಮೀಸಲಾತಿ ದೊರೆಯಿತು. 'ಸಿ' ದರ್ಜೆಯ ಹುದ್ದೆಗಳಲ್ಲಿ ಇದು ಶೇಕಡಾ 80. ಆದರೆ ಮೀಸಲಾತಿ ಅನ್ವಯವಾಗುವುದು ಹುದ್ದೆಗೆ. ಹುದ್ದೆಯನ್ನೇ ಸೃಷ್ಟಿಸದೆ ಗುತ್ತಿಗೆಯಲ್ಲಿ ಕೆಲಸ ಮುಗಿಸಿದರೆ ಯಾವ ವಿಧಿ ಯಾರನ್ನು ಕಾಪಾಡೀತು? ದುಬಲಗುಂಡಿಯ ಡಿಪ್ಲೊಮಾ ಮಾಡಿದ ಯುವಕನೊಬ್ಬ ತನ್ನದೇ ತಾಲೂಕಿನಲ್ಲಿ ಆಟೋಮೊಬೈಲ್ ಶಿಕ್ಷಕನಾಗಿ ನೆಲೆನಿಲ್ಲಬಹುದಾಗಿದ್ದ ಬಾಗಿಲು ತೆರೆಯುವ ಮೊದಲೇ ಮುಚ್ಚಿದೆ.

ಇಲ್ಲಿ ನಮ್ಮವರದೇ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. "ಮೆಕ್ಯಾನಿಕ್‌ನ ಮಗನಿಗೆ ಆಟೋಮೊಬೈಲ್, ದರ್ಜಿಯ ಮಗಳಿಗೆ ಹೊಲಿಗೆ! ಉಳಿದವರ ಮಕ್ಕಳು ವೈದ್ಯರಾಗಲಿ, ನಮ್ಮ ಮಕ್ಕಳು ಇದ್ದಲ್ಲೇ ಇರಲಿ ಎಂಬ ಹುನ್ನಾರವಲ್ಲವೇ ಇದು?" ಎಂದು ಕೇಳುವವರಿದ್ದಾರೆ. ಈ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಪ್ರಾಥಮಿಕ ಶಾಲೆಯ ಅವಧಿಯನ್ನು ಕಡಿತಗೊಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂದು ಯೋಜನೆ ತಂದರು. ಕುಲಕಸುಬಿನ ಶಿಕ್ಷಣವೆಂದು ಜನ ಸಿಡಿದೆದ್ದರು. 1954ರಲ್ಲಿ ಅಧಿಕಾರಕ್ಕೆ ಬಂದ ಕಾಮರಾಜ್ ಅದನ್ನು ರದ್ದುಗೊಳಿಸಬೇಕಾಯಿತು. ಆ ಯೋಜನೆಯಲ್ಲಿ ಕಸುಬಿಗೆ ಶಾಲೆಯ ಶಿಕ್ಷಕನೇ ಇರಲಿಲ್ಲ, ಮನೆಯೇ ಶಾಲೆಯಾಗಿತ್ತು ಎಂಬುದನ್ನು ಗಮನಿಸಬೇಕು. ಕಸುಬನ್ನು ಕಲಿಸಲು ಅರ್ಹ ಶಿಕ್ಷಕನಿಲ್ಲದ ಯಾವ ಯೋಜನೆಯಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಗು ತಂದೆಗೆ ಗೊತ್ತಿದ್ದಷ್ಟನ್ನೇ ಕಲಿಯುತ್ತದೆ, ಅದರಾಚೆಗೆ ಹೋಗುವುದಿಲ್ಲ. ನಮ್ಮ ಶಾಲೆಗಳ ಇಂದಿನ ಅವಸ್ಥೆಯನ್ನು ಯಾರೂ ಕುಲಕಸುಬಿನ ಯೋಜನೆ ಎಂದು ಕರೆಯುತ್ತಿಲ್ಲ, ಆದರೆ ಶಿಕ್ಷಕನಿಲ್ಲದ ವೃತ್ತಿ ತರಗತಿಯ ಫಲ ಬೇರೇನೂ ಅಲ್ಲ.

ಇದಕ್ಕೆ ಎದುರಾದ ಇನ್ನೊಂದು ಪರಂಪರೆಯೂ ನಮ್ಮ ಮುಂದಿದೆ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನದ ಬಳಿಕ ಮೂಲಶಿಕ್ಷಣದ ರೂಪರೇಷೆ ಸಿದ್ಧಪಡಿಸುವ ಸಮಿತಿಯ ಅಧ್ಯಕ್ಷತೆ ವಹಿಸಿದವರು ಡಾ. ಜಾಕಿರ್ ಹುಸೇನ್. ಹೈದರಾಬಾದಿನಲ್ಲಿ ಜನಿಸಿ, ಜಾಮಿಯಾ ಮಿಲ್ಲಿಯಾವನ್ನು ಎರಡು ದಶಕಗಳಿಗೂ ಮಿಕ್ಕಿ ಮುನ್ನಡೆಸಿ, 1967ರಲ್ಲಿ ದೇಶದ ರಾಷ್ಟ್ರಪತಿಯಾದ ಈ ಮಹನೀಯರ ಸಮಿತಿ ಕೈಕೆಲಸವನ್ನು ಪಠ್ಯದ ಅಂಚಿಗೆ ತಳ್ಳಲಿಲ್ಲ, ನಡುವೆ ಇರಿಸಿತು. ಎಲ್ಲ ಜಾತಿ ಧರ್ಮಗಳ, ಎಲ್ಲ ವರ್ಗಗಳ ಮಕ್ಕಳೂ ಅದನ್ನು ಕಲಿಯಬೇಕೆಂದಿತು. ಅದಕ್ಕಾಗಿ ಶಿಕ್ಷಕರ ವಿಶೇಷ ತರಬೇತಿಗೆ ಮಹತ್ವ ನೀಡಿತು. ಕಾಯಕಕ್ಕೆ ಘನತೆ ತಂದ ಶರಣರ ಕಲ್ಯಾಣ ದುಬಲಗುಂಡಿಗೆ ದೂರವೇನಲ್ಲ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದ್ರಸಾ ನಮ್ಮದೇ ಜಿಲ್ಲಾ ಕೇಂದ್ರದಲ್ಲಿದೆ. ಪಾಠ ಹೇಳುವವರಿಗೂ ಕಲಿಯುವವರಿಗೂ ಅದೇ ಆವರಣದಲ್ಲಿ ವಾಸಕ್ಕೆ ಕೋಣೆಗಳನ್ನು ನಿರ್ಮಿಸಿದ್ದ ಆ ವಜೀರನಿಗೆ ಒಂದು ಸತ್ಯ ಗೊತ್ತಿತ್ತು: ಗುರುವಿಗೆ ನೆಲೆಯಿಲ್ಲದ ಕಡೆ ವಿದ್ಯೆಗೂ ನೆಲೆಯಿಲ್ಲ.

ನಮ್ಮ ರಾಜ್ಯ ಈ ಪಾಠವನ್ನು ಒಮ್ಮೆ ದುಬಾರಿ ಬೆಲೆ ತೆತ್ತು ಕಲಿತಿದೆ. ಪದವಿಪೂರ್ವ ಹಂತದಲ್ಲಿ ದಶಕಗಳ ಕಾಲ ನಡೆದ ಉದ್ಯೋಗ ಆಧಾರಿತ ಕೋರ್ಸುಗಳು, ಅಂದರೆ ಜೆ.ಒ.ಸಿ., ಅನೇಕರಿಗೆ ನೆನಪಿರಬಹುದು. ಅಲ್ಲಿಯೂ ಕಲಿಸುತ್ತಿದ್ದವರಲ್ಲಿ ಬಹಳ ಮಂದಿ ಅರೆಕಾಲಿಕರು. ಕೋರ್ಸುಗಳು ಕ್ರಮೇಣ ಸೊರಗಿ ಮುಚ್ಚಿದವು. ವರ್ಷಾನುಗಟ್ಟಲೆ ದುಡಿದ ಆ ಅರೆಕಾಲಿಕರನ್ನು ಸರಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಕಾಯ್ದೆ ಬಂದಾಗ ಶಿಕ್ಷಕರ ತಲೆಗೂದಲು ನೆರೆತಿತ್ತು, ಅವರು ಕಲಿಸಲೆಂದು ಬಂದ ವಿಷಯ ಮಾತ್ರ ಉಳಿದಿರಲಿಲ್ಲ. ಅದೇ ತಪ್ಪನ್ನು ಈಗ ಪ್ರೌಢಶಾಲೆಯಲ್ಲಿ ಪುನರಾವರ್ತಿಸುತ್ತಿರುವುದು ಖೇದಕರ.

ಆಯ್ಕೆಯ ರೀತಿಯಲ್ಲಿಯೂ ಒಂದು ತೊಡಕಿದೆ. ವೃತ್ತಿ ವಿಷಯವನ್ನು ತೃತೀಯ ಭಾಷೆಯ ಎದುರು ನಿಲ್ಲಿಸಲಾಯಿತು. ಅರಬಿ, ಪಾರ್ಸಿ, ಉರ್ದು, ಹಿಂದಿ, ಕನ್ನಡ ಎಲ್ಲವೂ ತೃತೀಯ ಭಾಷೆಯ ಪಟ್ಟಿಯಲ್ಲಿದ್ದವು. ಉರ್ದು ಪ್ರಥಮ, ಇಂಗ್ಲಿಷ್ ದ್ವಿತೀಯ, ಕನ್ನಡ ತೃತೀಯ ಎಂದು ಓದುವ ಮಗು ವೃತ್ತಿ ವಿಷಯವನ್ನು ಆಯ್ದುಕೊಂಡರೆ ಕೈಬಿಡುವುದು ಕನ್ನಡವನ್ನೇ ಅಲ್ಲವೇ? ಈ ನಾಡಿನ ಕಚೇರಿ, ನ್ಯಾಯಾಲಯ, ಆಸ್ಪತ್ರೆಗಳ ಭಾಷೆಯನ್ನು ಕಳೆದುಕೊಂಡು ಕೈಗೆ ಪಾನಾ ಪಡೆಯುವುದು ಯಾವ ನ್ಯಾಯ? ಭಾಷೆಯೋ ಕಸುಬೋ ಎಂದು ಹದಿನಾಲ್ಕರ ಮಗುವನ್ನು ಕೇಳುವುದೇ ತಪ್ಪು. ಎರಡಕ್ಕೂ ವೇಳಾಪಟ್ಟಿಯಲ್ಲಿ ಸ್ಥಳ ಒದಗಿಸುವುದು ದೊಡ್ಡವರ ಹೊಣೆ.

ವಿಷಯಗಳ ಮಟ್ಟವನ್ನೂ ಪ್ರಶ್ನಿಸಬೇಕಾಗಿದೆ. ಮಾಹಿತಿ ತಂತ್ರಜ್ಞಾನದ ಹೆಸರಿನಲ್ಲಿ ಒಂಬತ್ತು, ಹತ್ತನೇ ತರಗತಿಗೆ ನಿಗದಿಯಾದ ಕೆಲಸ ಡೇಟಾ ಎಂಟ್ರಿ. ಚಿಲ್ಲರೆ ವ್ಯಾಪಾರದಲ್ಲಿ ಅಂಗಡಿ ಸಹಾಯಕ. ಅಂಗಡಿಯ ಸಹಾಯಕನಾಗುವುದು ಅವಮಾನವಲ್ಲ. ಆದರೆ ಶಾಲೆ ಮಗುವಿಗೆ ತೋರಿಸುವ ಕೊನೆಯ ಮೆಟ್ಟಿಲು ಅದಾಗಬಾರದು. ಬೀದರಿನ ಮಣ್ಣಿನಲ್ಲಿ ಹುಟ್ಟಿದ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದೇ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಹೊಳಪು ತರುವ ಆ ವಿದ್ಯೆಯಲ್ಲಿ ರಸಾಯನಶಾಸ್ತ್ರವಿದೆ, ರೇಖಾಗಣಿತವಿದೆ, ವ್ಯಾಪಾರವಿದೆ. ಜಿಲ್ಲೆಯ ಶಾಲೆಗಳಲ್ಲಿ ಅದನ್ನು ವಿಷಯವನ್ನಾಗಿಸಿ, ನುರಿತ ಕುಶಲಕರ್ಮಿಗೆ ಶಿಕ್ಷಕನ ಸ್ಥಾನ ನೀಡಬೇಕೆಂದು ಸರಕಾರಕ್ಕೆ ಏಕೆ ತೋಚುವುದಿಲ್ಲ?

ಸರಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಪಾಲಿನ ತಪ್ಪೇನು? 2006ರ ಸಾಚಾರ್ ಸಮಿತಿಯ ವರದಿ ಬಂದಂದಿನಿಂದ ಹಿಂದುಳಿದಿರುವಿಕೆಯ ಕುರಿತು ವೇದಿಕೆಗಳಲ್ಲಿ ಎಷ್ಟೋ ಭಾಷಣಗಳಾದವು. ಆದರೆ ಮಗುವಿನ ಶಾಲೆಯಲ್ಲಿ ಯಾವ ವಿಷಯಕ್ಕೆ ಶಿಕ್ಷಕರಿಲ್ಲ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಲು ನಮಗೆ ಪುರುಸೊತ್ತಿಲ್ಲ. ಅಂಕ ಸುಲಭವಾಗಿ ಬರುತ್ತದೆಯೇ ಎಂದು ನೋಡಿ ವಿಷಯ ಆರಿಸುತ್ತೇವೆ. ವೃತ್ತಿ ವಿಷಯವೆಂದರೆ ಓದಿನಲ್ಲಿ ಹಿಂದುಳಿದವರಿಗೆ ಎಂದು ಮೂಗು ಮುರಿಯುತ್ತೇವೆ. ಮಗಳು ಕಂಪ್ಯೂಟರ್ ಕೇಳಿದರೆ, ಹೊಲಿಗೆ ಸಾಕು ಎನ್ನುತ್ತೇವೆ. ವಿಷಯದ ಬಗ್ಗೆ ನಮಗೇ ಗೌರವವಿಲ್ಲದಿರುವಾಗ ಅದನ್ನು ಕಲಿಸುವವನಿಗೆ ಸರಕಾರ ಗೌರವ ನೀಡಬೇಕೆಂದು ನಿರೀಕ್ಷಿಸುವ ನೈತಿಕ ಹಕ್ಕು ಎಲ್ಲಿಂದ ಬರಬೇಕು?

ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ವೃತ್ತಿ ವಿಷಯ ನೀಡುವ ಪ್ರತಿ ಪ್ರೌಢಶಾಲೆಯಲ್ಲಿ ಆ ವಿಷಯಕ್ಕೆ ಮಂಜೂರಾದ ಹುದ್ದೆ ಇರಬೇಕು ಮತ್ತು ಅದಕ್ಕೆ 371(ಜೆ) ಅನ್ವಯವಾಗಬೇಕು. ಮಧ್ಯವರ್ತಿ ಸಂಸ್ಥೆಗಳ ಮೂಲಕ ನೇಮಕ ನಿಲ್ಲಬೇಕು. ಪ್ರಯೋಗಶಾಲೆ, ಉಪಕರಣಗಳಿಲ್ಲದ ಕಡೆ ವಿಷಯವನ್ನು ಕೇವಲ ಕಾಗದದ ಮೇಲೆ ಆರಂಭಿಸಬಾರದು. ಭಾಷೆಯನ್ನು ಬಲಿಗೊಡದೆ ವೃತ್ತಿ ಕಲಿಯಲು ಅವಕಾಶವಿರಬೇಕು. ಹತ್ತನೇ ತರಗತಿಯ ನಂತರ ಐ.ಟಿ.ಐ., ಡಿಪ್ಲೊಮಾ, ಪಿ.ಯು.ಸಿ. ಯಾವ ದಾರಿಯೂ ಆ ಮಗುವಿಗೆ ಮುಚ್ಚಬಾರದು. ಹೆತ್ತವರು ಬರುವ ಜೂನ್‌ನಲ್ಲಿ ಶಾಲೆಗೆ ಹೋದಾಗ ಅಂಕ ಕೇಳುವುದಕ್ಕೆ ಮೊದಲು ಇಷ್ಟನ್ನು ಕೇಳಬೇಕು: ಈ ವಿಷಯದ ಶಿಕ್ಷಕರು ಯಾರು, ಅವರ ವಿದ್ಯಾರ್ಹತೆ ಏನು, ವರ್ಷಪೂರ್ತಿ ಇರುತ್ತಾರೆಯೇ? ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಬಾಗಿಲು ತಟ್ಟಬೇಕು, ಒಬ್ಬರಾಗಿ ಅಲ್ಲ, ಎಲ್ಲ ಸಮುದಾಯಗಳ ಹೆತ್ತವರೊಂದಿಗೆ ಸೇರಿ. ಏಕೆಂದರೆ ಆ ತರಗತಿಯಲ್ಲಿ ಕುಳಿತಿರುವವರು ನಮ್ಮ ಮಕ್ಕಳು ಮಾತ್ರವಲ್ಲ.

ದುಬಲಗುಂಡಿಯ ಆ ಮೆಕ್ಯಾನಿಕ್ ಕಿರಿಯ ಮಗನಿಗೆ ಹಿಂದಿಯನ್ನೇ ಬರೆಸಿದ್ದಾರೆ. ಅವರ ಮೇಲೆ ನಮ್ಮ ದೂರಿಲ್ಲ. ಆಸೆಯಿಂದ ಶಾಲೆಯ ಬಾಗಿಲಿಗೆ ಬಂದ ತಂದೆಯೊಬ್ಬ ಅನುಭವದಿಂದ ಬುದ್ಧಿ ಕಲಿತು ಹಿಂದಿರುಗಿದ್ದಾನೆ. ಅವನನ್ನು ಮತ್ತೆ ಆ ಬಾಗಿಲಿಗೆ ಕರೆತರಬಲ್ಲದ್ದು ಘೋಷಣೆಯಲ್ಲ, ಇನ್ನೊಂದು ನೀತಿಪತ್ರವಲ್ಲ. ಜೂನ್‌ನಲ್ಲಿ ಬಂದು ಮಾರ್ಚ್‌ವರೆಗೂ ನಿಲ್ಲುವ, ಮರುವರ್ಷವೂ ಅಲ್ಲಿಯೇ ಕಾಣಿಸುವ ಒಬ್ಬ ಶಿಕ್ಷಕ ಮಾತ್ರ.