ಹೆಸರು ಬದಲಾದರೂ ಗೋತ್ರ

ಮತವನ್ನು ಬಿಟ್ಟವನು ಪೂರ್ವಜರನ್ನೂ ಬಿಟ್ಟಂತೆಯೇ? ಮೊನ್ನೆ ಮೆಲ್ಕಾರಿನ ನಮ್ಮ ಜಗಲಿಯಲ್ಲಿ ಈ ವಾದವೆದ್ದಿತು. ಕ್ರೈಸ್ತರನ್ನು ಪೀಡಿಸುತ್ತಿದ್ದ ಸೌಲನು ದಮಸ್ಕದ ಹಾದಿಯಲ್ಲಿ ಮನಸ್ಸು ತಿರುಗಿ, ಪೌಲನೆಂದು ವಿಖ್ಯಾತನಾದನಷ್ಟೆ. ಆದರೂ ರೋಮಾಪುರದವರಿಗೆ ಬರೆದ ಓಲೆಯಲ್ಲಿ ತಾನು ಅಬ್ರಹಾಮನ ಸಂತತಿ, ಬೆನ್ಯಾಮೀನನ ಕುಲದವನೆಂದೇ ಹೇಳಿಕೊಂಡನು. ನಮ್ಮ ಮಂಗಳೂರಿನಲ್ಲಿಯೂ ಅಂಥವರಿದ್ದರು. ಸಾರಸ್ವತ ಬ್ರಾಹ್ಮಣ ಯುವಕ ಆನಂದರಾಯರು 1844ರಲ್ಲಿ ಬಾಸೆಲ್ ಮಿಶನ್ನಿನವರಿಂದ ದೀಕ್ಷಾಸ್ನಾನ ಹೊಂದಿ, ಗುರುಗಳಾದ ಹರ್ಮನ್ ಮೋಗ್ಲಿಂಗರ ಹೆಸರನ್ನೇ ಧರಿಸಿದರು. ಬಾಸೆಲಿನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಪಾದ್ರಿಗಳಾದರು. ಬಂಧುಜನರಿಗೆ ಅಂದು ಆದ ಸಂಕಟವನ್ನು ಅಲ್ಪವೆನ್ನಲಾರೆ. ಆದರೆ 1893ರಲ್ಲಿ ತೀರಿಕೊಳ್ಳುವವರೆಗೂ ಅವರು ಹರ್ಮನ್ ಆನಂದರಾವ್ ಕೌಂಡಿನ್ಯರು. ಕೌಂಡಿನ್ಯವೆಂಬುದು ಋಷಿನಾಮ, ಗೋತ್ರನಾಮ. ಪ್ರತಿದಿನ ಅಭಿವಾದನದಲ್ಲಿ ನಾನು ಉಚ್ಚರಿಸುವುದೂ ಅದನ್ನೇ. ಜಗಲಿಯವರು ಏನೆಂದರೂ ಅವರು ನನಗೆ ಸಗೋತ್ರರು.